ಗಾರ್ಡ್ ರಿಟೆನ್ಶನ್ ಅಭ್ಯಾಸಕ್ಕೆ 65 ಸೆಂ.ಮೀ. ಜಿಮ್ ಬಾಲ್, 40 ಮಿ.ಮೀ. ಮ್ಯಾಟ್: ದೀರ್ಘ ಬಳಕೆಯ ನಂತರದ ವಿಮರ್ಶೆ

ನೆಲದ ಮೇಲೆ ಹಿಡಿತಗಳಿಂದ ಸೆಣಸುವ ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯುವವರು ಮನೆಯಲ್ಲೂ ಅಭ್ಯಾಸ ಮಾಡೋಣ ಅಂದುಕೊಂಡಾಗ ಅವರ ಕಣ್ಣು ಮೊದಲು ಬೀಳುವುದು ಮನುಷ್ಯಾಕಾರದ ಗ್ರ್ಯಾಪ್ಲಿಂಗ್ ಡಮ್ಮಿಯ ಮೇಲೆ. ಮೇಲೆ ಕೂತು ಒತ್ತುವುದಕ್ಕೆ, ಎದೆಯ ಮೇಲೆ ಕೂತ ಮೌಂಟಿನಿಂದ ತೋಳು ಮಣಿಸುವ ಆರ್ಮ್‌ಬಾರಿಗೆ ತಿರುಗುವುದಕ್ಕೆ ಅದು ಸರಿ. ಕೆಳಗೆ ಮಲಗಿ ಗಾರ್ಡ್ (ಕಾಲುಗಳಿಂದ ಎದುರಾಳಿಯನ್ನು ತಡೆದಿಡುವ ಸ್ಥಿತಿ) ಉಳಿಸಿಕೊಳ್ಳುವವರಿಗೆ, ಅಂದರೆ ಗಾರ್ಡ್ ರಿಟೆನ್ಶನ್ ಕಲಿಯುವವರಿಗೆ, ಅದರಿಂದ ದಕ್ಕುವುದು ತೀರಾ ಕಡಿಮೆ. ಡಮ್ಮಿ ನಿಮ್ಮ ಕಾಲನ್ನು ಬದಿಗೆ ತಳ್ಳಿ ಪಕ್ಕಕ್ಕೆ ಓಡಿ ಬರುವುದಿಲ್ಲವಲ್ಲ! ಉರುಳುವ ಒಂದು ಬಾಲು ಈ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ, ಬೆಲೆಯೂ ಕಡಿಮೆ. ಖರ್ಚು ಬೀಳುವುದು ಮ್ಯಾಟಿಗೆ, ಅದು ಹೇಗಿದ್ದರೂ ಬೇಕೇ ಬೇಕು.

ಮ್ಯಾಟಿನ ಮಾತು ಮೊದಲು. ಒಂದಕ್ಕೊಂದು ಹಲ್ಲು ಕೂರುವ, 1 ಮೀಟರ್ ಚೌಕದ ಇವಿಎ ಫೋಮಿನ ಮ್ಯಾಟು 20, 25, 30, 40 ಮಿ.ಮೀ. ದಪ್ಪದಲ್ಲಿ ಸಿಗುತ್ತದೆ. ಟೈಲ್ಸ್ ಅಥವಾ ಗ್ರಾನೈಟ್ ನೆಲವಾದರೆ 40ಕ್ಕಿಂತ ಕಡಿಮೆ ಬೇಡ. 20ರದ್ದರ ಮೇಲೆ ಶ್ರಿಂಪ್ (ಪಾದ ಊರಿ ಸೊಂಟವನ್ನು ಹಿಂದಕ್ಕೆ ಜರುಗಿಸುವುದು) ಮಾಡಬಹುದು, ಆದರೆ ಭುಜದ ಮೇಲೆ ಹೊರಳುವ ಗ್ರ್ಯಾನ್‌ಬಿ ಶುರು ಮಾಡಿದ ಕೂಡಲೇ ಹೆಗಲೆಲುಬು ನೆಲಕ್ಕೆ ತಾಗುತ್ತದೆ. ಹಾಗಂತ ಹಾಸಿಗೆಯ ಮೇಲೆ ಅಭ್ಯಾಸ ಮಾಡಿದರೂ ಆಗದು: ಸೊಂಟ ಒಳಗೆ ಹೂತುಕೊಳ್ಳುತ್ತದೆ, ಪಾದ ಊರಲು ಗಟ್ಟಿ ನೆಲೆ ಸಿಗುವುದಿಲ್ಲ, ದೇಹ ಜರುಗುವುದೇ ಇಲ್ಲ. ಆರು ತುಂಡು ಸೇರಿಸಿದರೆ 2×3 ಮೀಟರ್ ಆಗುತ್ತದೆ, ಒಬ್ಬರಿಗೆ ಧಾರಾಳ.

ದಿನ ಕಳೆದ ಹಾಗೆ ಕಾಣಿಸುವ ಮೊದಲ ದೋಷವೆಂದರೆ ಸಂದು ಬಿಡುವುದು. ಶ್ರಿಂಪ್ ಮಾಡುವಾಗ ಪಾದ ಒಂದೇ ದಿಕ್ಕಿಗೆ ಮ್ಯಾಟನ್ನು ತಳ್ಳುತ್ತದೆ, ಹಲ್ಲುಗಳು ಆ ಕಡೆಯೇ ಬಿಚ್ಚಿಕೊಳ್ಳುತ್ತವೆ, ಕಾಲಿನ ಕಿರುಬೆರಳು ಸಂದಿಗೆ ಸಿಕ್ಕಿಕೊಳ್ಳುತ್ತದೆ. ಉದ್ದದ ಎರಡೂ ತುದಿ ಗೋಡೆಗೆ ಒತ್ತಿಕೊಳ್ಳುವಂತೆ ಹಾಸಿ, ಇಲ್ಲವೇ ತುದಿಗೆ ಭಾರವಾದ ಮರದ ಪಟ್ಟಿ ಕೊಡಿ. ಮೇಲ್ಮೈ ಒರಟಾಗಿದ್ದರೆ ಮೊಣಕೈ ಚರ್ಮ ಉಜ್ಜಿ ಕೆಂಪಾಗುತ್ತದೆ, ಅದಕ್ಕೆ ಮೈಗೆ ಅಂಟುವ ಉದ್ದ ತೋಳಿನ ರ‍್ಯಾಶ್‌ಗಾರ್ಡ್ ಸಾಕು.

ಈಗ ಬಾಲು. 55, 65, 75 ಸೆಂ.ಮೀ. ಅಳತೆಗಳಲ್ಲಿ ಹೆಚ್ಚಿನ ವಯಸ್ಕರಿಗೆ 65 ಹೊಂದುತ್ತದೆ. ಮಂಡಿಯೂರಿ ಕೂತ ಎದುರಾಳಿಯ ಎದೆ ಎಷ್ಟು ದೂರದಲ್ಲಿರುತ್ತದೋ ಹೆಚ್ಚುಕಡಿಮೆ ಅಷ್ಟೇ ಜಾಗವನ್ನು ಅದು ತುಂಬುತ್ತದೆ. ಆದರೆ ಪೂರ್ತಿ ಗಾಳಿ ತುಂಬಬೇಡಿ. ಗೋಡೆಗೆ ತಾಗಿಸಿ, ಮೇಲೊಂದು ಹಲಗೆ ಇಟ್ಟು, ನೆಲದಿಂದ ಅಳೆದಾಗ 60 ಸೆಂ.ಮೀ. ಆಸುಪಾಸು ಬಂದರೆ ನಿಲ್ಲಿಸಿ. ಬಿಗಿಯಾದ ಬಾಲು ಕಾಲು ತಾಗಿದ ಕೂಡಲೇ ಚಿಮ್ಮಿ ಹೋಗುತ್ತದೆ. ತೀರಾ ಮೆತ್ತಗಿದ್ದರೆ ಶಿನ್ನಿಗೆ (ಮಂಡಿಯ ಕೆಳಗಿನ ಕಾಲಿನ ಮುಂಭಾಗಕ್ಕೆ) ಅಂಟಿಕೊಂಡು ಕೂತು, ನೀವು ಏನೂ ಮಾಡದೆಯೇ ಗಾರ್ಡ್ ಉಳಿದ ಹಾಗೆ ತೋರುತ್ತದೆ. ಎರಡನೆಯದು ಹೆಚ್ಚು ಮೋಸ.

ಗಾರ್ಡ್ ಉಳಿಸಿಕೊಳ್ಳುವ ಸೂತ್ರಗಳು ಕೆಲವೇ, ಬಾಲು ಅವುಗಳಲ್ಲಿ ಮೂರನ್ನು ಚೆನ್ನಾಗಿ ಕಲಿಸುತ್ತದೆ. ಮೊದಲನೆಯದು ಮೊಣಕೈ-ಮಂಡಿ ನಡುವಿನ ಜಾಗ. ಬೆನ್ನ ಮೇಲೆ ಮಲಗಿ, ಮಂಡಿಗಳನ್ನು ಎದೆಯತ್ತ ಎಳೆದು, ಶಿನ್‌ಗಳ ಮೇಲೆ ಬಾಲು ಇಟ್ಟುಕೊಳ್ಳಿ, ಮೊಣಕೈಗಳು ತೊಡೆಗೆ ತಾಗಿರಲಿ. ಬಾಲನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ಹೊರಳಿಸುತ್ತಾ ಹೋದರೆ ಒಂದು ಹಂತದಲ್ಲಿ ಅದು ಮಂಡಿ ದಾಟಿ ಪಕ್ಕೆಲುಬಿನತ್ತ ಜಾರುತ್ತದೆ. ಆಗ ನೋಡಿಕೊಳ್ಳಿ, ಹೆಚ್ಚಿನ ಸಲ ಮೊಣಕೈ ಮಂಡಿಯಿಂದ ದೂರ ಸರಿದಿರುತ್ತದೆ. ಪಾಸ್ ಮಾಡುವವನ, ಅಂದರೆ ಕಾಲುಗಳನ್ನು ದಾಟಿ ಬರುವ ಎದುರಾಳಿಯ ತಲೆ, ಭುಜ ನುಗ್ಗುವುದೂ ಆ ಸಂದಿಗೇ.

ಎರಡನೆಯದು, ಕಾಲಲ್ಲ, ಸೊಂಟ ತಿರುಗಬೇಕು. ಇದಕ್ಕೆ ಜೊತೆಗಾರ ಬೇಕು. ಅವರು ಬಾಲನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಸುತ್ತ ನಡೆಯಲಿ, ನಿಮ್ಮ ಪಾದಗಳು ಬಾಲಿನ ಮೇಲೇ ಇರಲಿ. ಅವರು ಯಾವ ಬದಿಗೆ ಹೋದರೋ ನಿಮ್ಮ ಸೊಂಟ ಆ ಬದಿಗೆ ಮುಖ ಮಾಡಬೇಕು, ತಲೆ ಅದರ ವಿರುದ್ಧ ಬದಿಗೆ ಜರುಗಬೇಕು. ಹೊಸಬರು ಬೆನ್ನನ್ನು ಚಪ್ಪಟೆಯಾಗಿ ನೆಲಕ್ಕೆ ಅಂಟಿಸಿಕೊಂಡು ಬರೀ ಕಾಲಿನಿಂದ ಬಾಲನ್ನು ಬೆನ್ನಟ್ಟುತ್ತಾರೆ. ಬಾಲು ವೇಗವಾದಾಗ ಎರಡೂ ಮಂಡಿ ಒಂದೇ ಬದಿಗೆ ಬಿದ್ದು ಸೊಂಟ ಬೇರೆಡೆ ಉಳಿಯುತ್ತದೆ. ಕಾಲುಗಳನ್ನು ಬದಿಗೆ ತಳ್ಳಿ ಸುತ್ತಿ ಬರುವ ಟೊರಿಯಾಂಡೊ ಪಾಸ್ ಮಾಡುವವನಿಗೆ ಬೇಕಾದದ್ದೂ ಇದೇ. ಬೆನ್ನು ಸ್ವಲ್ಪ ದುಂಡಗಿರಲಿ, ತಲೆ ನೆಲದಿಂದ ಎದ್ದಿರಲಿ. ಆಗ ಒಂದು ಪಾದ ಊರಿದರೂ ಸಾಕು, ಇಡೀ ದೇಹ ತಿರುಗುತ್ತದೆ.

ಮೂರನೆಯದು ಪದರಗಳ ಲೆಕ್ಕ. ಪಾದ ದಾಟಿದರೆ ಶಿನ್ ಮತ್ತು ಮಂಡಿ, ಅದೂ ದಾಟಿದರೆ ಕೈ. ಜೊತೆಗಾರ ಬಾಲನ್ನು ಕಾಲು ದಾಟಿಸಿ ಎದೆಯತ್ತ ತಂದಾಗ ಕೈ ನೇರ ಚಾಚಿ ಬಾಲನ್ನೇ ತಳ್ಳಲು ಹೋಗಬೇಡಿ. ಮುಂಗೈಯನ್ನು ನಡುವೆ ಚೌಕಟ್ಟಿನ ಹಾಗೆ ನಿಲ್ಲಿಸಿ, ಸೊಂಟವನ್ನು ಹಿಂದಕ್ಕೆ ಜರುಗಿಸಿ, ಸಿಕ್ಕ ಸಂದಿಗೆ ಹತ್ತಿರದ ಮಂಡಿ ತೂರಿಸಿ. ಕೈಗೆ ಎದುರಾಳಿಯನ್ನು ದೂರ ತಳ್ಳುವ ಶಕ್ತಿ ಸಾಲದು, ಅವನನ್ನು ಇದ್ದಲ್ಲಿ ತಡೆಯುವಷ್ಟೇ ಅದರ ಕೆಲಸ. ಈ ಕ್ರೀಡೆಯ ದೊಡ್ಡ ಪಂದ್ಯಾವಳಿಗಳನ್ನು ನಡೆಸುವ ಐಬಿಜೆಜೆಎಫ್ ಸಂಸ್ಥೆಯ ನಿಯಮದಲ್ಲಿ ಪಾಸಿಗೆ 3 ಅಂಕ ಸಿಗಬೇಕಾದರೆ ಮೇಲಿನವನು 3 ಸೆಕೆಂಡ್ ಹಿಡಿತ ಸ್ಥಿರವಾಗಿಟ್ಟುಕೊಳ್ಳಬೇಕು. ಆದ್ದರಿಂದ ಬಾಲು ಎದೆಗೆ ತಾಗಿತು ಅಂತ ಅಲ್ಲಿಗೇ ಬಿಡದೆ, ಜೊತೆಗಾರ ಮೂರು ಎಣಿಸುವಷ್ಟರಲ್ಲಿ ಮಂಡಿ ಒಳಗೆ ತರುವುದನ್ನೇ ಆಟ ಮಾಡಿಕೊಳ್ಳಿ. 5 ನಿಮಿಷದ ಒಂದು ಸುತ್ತು ಸರಿಯಾದ ಅಳತೆ, ವಯಸ್ಕರ ವೈಟ್ ಬೆಲ್ಟ್ (ಮೊದಲ ದರ್ಜೆಯ) ಪಂದ್ಯದ ಅವಧಿಯೂ ಅಷ್ಟೇ. ಮೂರನೆಯ ನಿಮಿಷಕ್ಕೆ ಹೊಟ್ಟೆಯ ಸ್ನಾಯು ಸೋತು ಮಂಡಿಗಳು ಎದೆಯಿಂದ ದೂರ ಜಾರತೊಡಗುತ್ತವೆ. ನಿಜವಾದ ಅಭ್ಯಾಸ ಅಲ್ಲಿಂದ ಮುಂದೆ.

ಬಾಲು ಕಲಿಸದ್ದು ಇನ್ನೂ ಬಹಳ. ಅದಕ್ಕೆ ಕೈಯಿಲ್ಲ, ಹಾಗಾಗಿ ಪ್ಯಾಂಟಿನ ತುದಿ ಹಿಡಿದ ಹಿಡಿತ ಬಿಡಿಸುವುದು ಅಲ್ಲಿ ಬರುವುದೇ ಇಲ್ಲ. ಎಷ್ಟೋ ಪಾಸ್‌ಗಳನ್ನು ಹಿಡಿತದ ಹಂತದಲ್ಲೇ ಕೆಡಿಸಬಹುದು ಅನ್ನುವಾಗ ಇದು ಸಣ್ಣ ಕೊರತೆಯಲ್ಲ. ಮಂಡಿಯನ್ನು ತೊಡೆಯ ಮೇಲೆ ಹಾಯಿಸಿ ದಾಟುವ ನೀ ಕಟ್‌ನಲ್ಲಿ ಗೆಲುವು-ಸೋಲು ನಿರ್ಧಾರವಾಗುವುದು ಕಂಕುಳಡಿ ಕೈ ತೂರಿಸುವ ಅಂಡರ್‌ಹುಕ್ ಮತ್ತು ಮುಖವನ್ನು ಬದಿಗೊತ್ತುವ ಕ್ರಾಸ್‌ಫೇಸ್‌ನಲ್ಲಿ, ತಲೆ ಅತ್ತ ತಿರುಗಿದ ಮೇಲೆ ಸೊಂಟ ಇತ್ತ ತಿರುಗದು. ಬಾಲು ನಿಮ್ಮ ತಲೆಯನ್ನು ಎಂದೂ ತಿರುಗಿಸುವುದಿಲ್ಲ. ಎರಡೂ ಕಾಲಿನಡಿ ಕೈ ಹಾಕಿ ಮಡಚುವ ಸ್ಟ್ಯಾಕ್ ಪಾಸಿನ ಭಾರವನ್ನೂ ಅದು ಕೊಡದು. ಹಳೆಯ ಗೀ (ಅಭ್ಯಾಸದ ಉಡುಪು) ಜಾಕೆಟನ್ನು ಬಾಲಿಗೆ ತೊಡಿಸಿ ಬೆಲ್ಟ್ ಬಿಗಿದು ಕಾಲರ್ ಹಿಡಿಯುವ ಉಪಾಯವೊಂದುಂಟು. ಎರಡು ಸುತ್ತಿಗೆ ಜಾಕೆಟ್ ತಿರುಗಿಕೊಳ್ಳುತ್ತದೆ, ಬೇಡದ ಗೋಜು. ಈ ಭಾಗಕ್ಕೆ ಅಕಾಡೆಮಿಯಲ್ಲಿ ಪಾಸ್ ಆದ ಕೂಡಲೇ ನಿಲ್ಲಿಸಿ ಮತ್ತೆ ಶುರು ಮಾಡುವ ಪೊಸಿಶನಲ್ ರೋಲ್‌ಗಳೇ ಗತಿ.

ಒಂದು ಎಚ್ಚರ: ತಲೆಕೆಳಗಾಗಿ ಹೊರಳುವ ಇನ್ವರ್ಷನ್‌ನಲ್ಲಿ ಭಾರ ಭುಜದ ಹಿಂಭಾಗಕ್ಕೆ ಬೀಳಬೇಕು, ಕುತ್ತಿಗೆಗಲ್ಲ. ಕುತ್ತಿಗೆ ನೋವಿರುವವರು ಅದನ್ನು ಬಿಟ್ಟು, ತಡವಾದಾಗ ಮಂಡಿ-ಮೊಣಕೈ ಊರಿ ಮುದುಡುವ ಟರ್ಟಲ್‌ಗೆ ತಿರುಗಿ ಅಲ್ಲಿಂದ ಮತ್ತೆ ಗಾರ್ಡಿಗೆ ಕೂರುವುದನ್ನು ರೂಢಿಸಿಕೊಳ್ಳಲಿ.

ಬಾಳಿಕೆಯ ವಿಷಯ. ಬಾಲಿನ ಗಾಳಿ ತಾನಾಗಿಯೇ ಇಳಿಯುತ್ತಿರುತ್ತದೆ, ವಾರಕ್ಕೊಮ್ಮೆ ಎತ್ತರ ಅಳೆಯಿರಿ. ಪದೇ ಪದೇ ತೆಗೆದು ಹಾಕಿದರೆ ಬಿಳಿ ಬಿರಡೆ ಸಡಿಲವಾಗುತ್ತದೆ, ಜೊತೆಗೆ ಒಂದು ಹೆಚ್ಚಿನದು ಕೊಡುವ ಬಾಲನ್ನೇ ಆರಿಸಿ. ಆಂಟಿ-ಬರ್ಸ್ಟ್ ಎಂದು ಬರೆದಿರಬೇಕು, ಚುಚ್ಚಿದರೂ ಅದು ಒಡೆಯದೆ ನಿಧಾನವಾಗಿ ಇಳಿಯುತ್ತದೆ. ಕಾಲುಗುರು ಕತ್ತರಿಸಿಕೊಳ್ಳಿ. ಮ್ಯಾಟನ್ನು ಪ್ರತಿ ಸಲವೂ ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಬೆವರು ಉಳಿದರೆ ಹುಳುಕಡ್ಡಿ ಹರಡುತ್ತದೆ, ಜೊತೆಗಾರರಿಗೂ ಸೇರಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮ್ಯಾಟಿನ ಅಡಿಯಲ್ಲಿ ತೇವ ಕೂತು ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಗೋಡೆಗೆ ಒರಗಿಸಿ ಫ್ಯಾನ್ ಹಾಕಿ. ಬಿಸಿಲಿಗೆ ಒಡ್ಡಬೇಡಿ, ತುಂಡುಗಳು ಕುಗ್ಗಿದರೆ ಹಲ್ಲಿಗೆ ಹಲ್ಲು ಕೂರುವುದಿಲ್ಲ.