ಅಂಗಡಿಯ ರಾಗಿ ಮಾಲ್ಟ್, ರಾಗಿ ಬಿಸ್ಕತ್ತು: ರಾಗಿ ಎಷ್ಟು, ಸಕ್ಕರೆ ಎಷ್ಟು?

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಈಗ ರಾಗಿಯದೇ ಒಂದು ಸಾಲು ಇರುತ್ತದೆ: ಮಾಲ್ಟ್, ಬಿಸ್ಕತ್ತು, ಫ್ಲೇಕ್ಸ್, ದಿಢೀರ್ ದೋಸೆ ಮಿಶ್ರಣ, ಜೊತೆಗೆ ಬರೀ ರಾಗಿ ಹಿಟ್ಟು. ತೂಕ ಇಳಿಸಬೇಕೆಂದು ರಾಗಿಯ ಕಡೆ ತಿರುಗಿದವರು ಹೆಚ್ಚಾಗಿ ಕೈಹಾಕುವುದು ಮಾಲ್ಟ್ ಡಬ್ಬಿಗೆ. ಈ ಸಾಲಿನಲ್ಲಿ ಅತಿ ಎಚ್ಚರಿಕೆಯಿಂದ ಕೊಳ್ಳಬೇಕಾದ್ದೂ ಅದೇ.

ಡಬ್ಬಿಯ ಹಿಂಭಾಗದಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಸಕ್ಕರೆಯೇ ಮೊದಲಿದ್ದರೆ ಅದು ರಾಗಿ ಬೆರೆಸಿದ ಸಕ್ಕರೆ, ಅಷ್ಟೆ. ಸಕ್ಕರೆ, ಬೆಲ್ಲದ ಪುಡಿ, ಗ್ಲೂಕೋಸ್ ಸಿರಪ್ ಎಂದು ಒಂದೇ ಸಿಹಿಯನ್ನು ಮೂರು ಹೆಸರಲ್ಲಿ ಹಂಚಿದಾಗ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿದು, ರಾಗಿ ಮೇಲೆ ಬಂದು ಕೂರುತ್ತದೆ. ಹಾಗಾಗಿ ಪಟ್ಟಿಯ ಜೊತೆಗೆ ‘ಆಡೆಡ್ ಶುಗರ್’ ಅಂಕಿಯನ್ನೂ ನೋಡಿ. 100 ಗ್ರಾಂಗೆ 30 ಗ್ರಾಂ ಎಂದಿದ್ದರೆ, 25 ಗ್ರಾಂ ಪುಡಿ ಹಾಕಿದ ಒಂದು ಲೋಟದಲ್ಲಿ ಏಳೂವರೆ ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ ಸಕ್ಕರೆ ಆಗಲೇ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಇಡೀ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಮಾಲ್ಟೋಡೆಕ್ಸ್ಟ್ರಿನ್ (ಪಿಷ್ಟವನ್ನು ಒಡೆದು ಮಾಡಿದ ಪುಡಿ) ಇದ್ದರೆ ಇನ್ನೂ ಹುಷಾರು: ಅದು ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲ, ರಕ್ತದ ಗ್ಲೂಕೋಸನ್ನು ಮಾತ್ರ ಬೇಗ ಏರಿಸುತ್ತದೆ.

ರಾಗಿ ಬಿಸ್ಕತ್ತಿಗೆ ನಮ್ಮ ಅಂಕ ಇನ್ನೂ ಕಡಿಮೆ. ಹೆಸರಲ್ಲೋ ಚಿತ್ರದಲ್ಲೋ ರಾಗಿಯನ್ನು ಎತ್ತಿ ತೋರಿಸಿದರೆ ಅದರ ಶೇಕಡಾವಾರು ಪ್ರಮಾಣ ನಮೂದಿಸಬೇಕೆಂಬ ನಿಯಮವಿದೆ. ಆ ಅಂಕಿ ಹುಡುಕಿ. ಉಳಿದ ಪಾಲು ಸಾಮಾನ್ಯವಾಗಿ ಮೈದಾ ಅಥವಾ ಗೋಧಿ ಹಿಟ್ಟು, ಸಕ್ಕರೆ, ಪಾಮ್ ಎಣ್ಣೆ. ಇದನ್ನು ಬಿಸ್ಕತ್ತು ಎಂದೇ ತಿನ್ನಿ, ಆರೋಗ್ಯಕ್ಕೆಂದು ದಿನವೂ ತಿನ್ನಬೇಡಿ.

ಒಂದೇ ಧಾನ್ಯವಾದರೂ ರೂಪ ಬದಲಾದಾಗ ನಾವು ತಿನ್ನುವ ಪ್ರಮಾಣವೂ ಬದಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಅತಿಸಂಸ್ಕರಿತ (ಕಾರ್ಖಾನೆಯಲ್ಲಿ ಹಲವು ಹಂತ ದಾಟಿ ಬಂದ) ಊಟ, ಎರಡು ವಾರ ಹೆಚ್ಚು ಸಂಸ್ಕರಿಸದ ಊಟ ಕೊಟ್ಟಿದ್ದರು. ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಎಷ್ಟು ಬೇಕೋ ಅಷ್ಟು ತಿನ್ನಬಹುದಿತ್ತು. ಅತಿಸಂಸ್ಕರಿತ ಊಟದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತೂಕ ಸುಮಾರು 900 ಗ್ರಾಂ ಏರಿತು. ತಿನ್ನುವ ವೇಗವೂ ಹೆಚ್ಚಿತ್ತು.

ಇನ್ನು ಬರೀ ರಾಗಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇದೆ. ಆದರೆ ಶಕ್ತಿಯೂ ಸುಮಾರು 320 ಕ್ಯಾಲೊರಿ. ರಾಗಿ ಎಂದ ಮಾತ್ರಕ್ಕೆ ಎರಡು ದೊಡ್ಡ ಮುದ್ದೆ ಇಳಿಸಿದರೆ ತೂಕ ಕರಗುವುದಿಲ್ಲ. ನುಣ್ಣಗಿನ ಹಿಟ್ಟಿನ ತೆಳು ಗಂಜಿ ಬೇಗ ಜೀರ್ಣವಾಗಿ ಸಕ್ಕರೆ ಏರಿಸುತ್ತದೆ. ಮಧುಮೇಹಿಗಳಿಗೆ ಚಿಕ್ಕ ಮುದ್ದೆ, ತಟ್ಟೆ ತುಂಬ ಸೊಪ್ಪು-ಕಾಳಿನ ಸಾರು ಮೇಲು.

ಮಾಲ್ಟ್ ಬೇಕೇ ಬೇಕೆಂದರೆ ಮನೆಯಲ್ಲೇ ಮಾಡಿ. ಒಂದು ಕಿಲೋ ರಾಗಿಯ ಕಲ್ಲು ತೆಗೆದು, ನೀರು ತಿಳಿಯಾಗುವವರೆಗೆ ತೊಳೆದು, 10-12 ಗಂಟೆ ನೆನೆಸಿ. ನೀರನ್ನು ಪೂರ್ತಿ ಬಸಿದು ಹತ್ತಿ ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಇಡಿ. ಇಲ್ಲೇ ಹೆಚ್ಚು ಕೆಡುವುದು: ನೀರು ಉಳಿದರೆ ಕಾಳು ಲೋಳೆಯಾಗಿ ಹುಳಿ ವಾಸನೆ ಬರುತ್ತದೆ, ಬಟ್ಟೆ ಒಣಗಿದರೆ ಮೊಳಕೆ ನಿಲ್ಲುತ್ತದೆ. ಬಿಳಿ ಮೊಳಕೆ ಇಣುಕಿದಾಗ ಬಿಚ್ಚಿ, ಕಾಳನ್ನು ಬೆರಳಲ್ಲಿ ಉಜ್ಜಿದರೆ ಗರಿಗರಿ ಎನ್ನುವವರೆಗೆ ಒಣಗಿಸಿ. ತೇವ ಇದ್ದರೆ ಹಿಟ್ಟು ಬೂಸ್ಟು ಹಿಡಿಯುತ್ತದೆ. ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದು ಬೀಸಿಸಿ. ಮಿಲ್ಲಿನಲ್ಲಿ ಬೇರೆ ರಾಗಿ ಬೀಸಿದ ಮೇಲೆ ನಿಮ್ಮದು ಹಾಕಿಸಿ, ಇಲ್ಲದಿದ್ದರೆ ಅಕ್ಕಿಯೋ ಕಡಲೆಯೋ ಬೆರೆಯುತ್ತದೆ.

ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಆಮೇಲೆ ಒಲೆಗಿಡಿ. ಬಿಸಿನೀರಿಗೆ ಸುರಿದರೆ ಗಂಟಾಗುತ್ತದೆ. ಐದು ನಿಮಿಷ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು ಬೆರೆಸಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಈ ಗಂಜಿ ತೆಳ್ಳಗೇ ಇರುತ್ತದೆ. ಅದೇ ಕಾರಣಕ್ಕೆ ಈ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಬೇಡಿ, ಸರಿಯಾಗಿ ಗಟ್ಟಿಯಾಗುವುದಿಲ್ಲ.

ಪುರುಸೊತ್ತಿಲ್ಲದವರು ಪದಾರ್ಥಗಳ ಪಟ್ಟಿಯಲ್ಲಿ ‘ಮೊಳಕೆ ರಾಗಿ’ ಎಂಬುದೊಂದೇ ಇರುವ ಪ್ಯಾಕೆಟ್ ಧಾರಾಳವಾಗಿ ಕೊಳ್ಳಬಹುದು. ತಯಾರಾದ ದಿನಾಂಕ ಹತ್ತಿರದ್ದಿರಲಿ, ಅರ್ಧ ಕಿಲೋಗಿಂತ ದೊಡ್ಡದು ಬೇಡ.