ಪೈಮೆಮ್: ಅಡಿಕೆ ವಖಾರಿಯ ಕಂಪ್ಯೂಟರಿನಲ್ಲಿ ಕೆಲವು ಸೀಸನ್ ಓಡಿಸಿದ ಮೇಲೆ

ಪೈಮೆಮ್ ಎಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಲೈಬ್ರರಿ (ಸಿದ್ಧ ಕೋಡ್). ವಿಂಡೋಸ್‌ನಲ್ಲಿ ಓಡುತ್ತಿರುವ ಬೇರೆ ಪ್ರೋಗ್ರಾಂನ ಮೆಮೊರಿಯನ್ನು ಚಿಕ್ಕ ಸ್ಕ್ರಿಪ್ಟಿನಿಂದ ಓದಿ ಕೊಡುತ್ತದೆ. ಪುಕ್ಕಟೆ. ಓದುವ ಕೆಲಸದ ಬಗ್ಗೆ ನನಗೆ ದೂರಿಲ್ಲ. ಎರರ್ ಹೇಳುವ ರೀತಿಯ ಬಗ್ಗೆ ಇದೆ.

ಶಿರಸಿಯ ನಮ್ಮ ವಖಾರಿಯಲ್ಲಿ ತೂಕದ ಯಂತ್ರಕ್ಕೆ ಒಂದು ಹಳೇ ಪ್ರೋಗ್ರಾಂ ಇದೆ. ಮಾಡಿಕೊಟ್ಟವರು ಈಗ ಫೋನ್ ಎತ್ತುವುದಿಲ್ಲ. ತೂಕ ಪರದೆಯ ಮೇಲೆ ಬರುತ್ತದೆ, ಅಷ್ಟೇ. ರಾಶಿ ಬೇರೆ, ಚಾಲಿ ಬೇರೆ, ಬೆಟ್ಟೆ ಬೇರೆ ಎಂದು ಚೀಲಚೀಲದ ತೂಕವನ್ನೂ ಕೈಯಲ್ಲೇ ಎಕ್ಸೆಲ್‌ಗೆ ಹೊಡೆಯಬೇಕಿತ್ತು. ಸೀರಿಯಲ್ ಕೇಬಲ್‌ನಿಂದಲೇ ಓದಬಹುದಲ್ವಾ ಎನ್ನುತ್ತೀರಿ. ಆ ಕೇಬಲ್ ಸೇರುವ ಕಾಮ್ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ತೆರೆಯಬಹುದು, ಈ ಪುಣ್ಯಾತ್ಮ ಅದನ್ನು ಬಿಡುವುದಿಲ್ಲ. ಹಾಗಾಗಿ ಗೇಮ್ ಆಡುವವರು ಮೆಮೊರಿ ಜಾಲಾಡಲು ಬಳಸುವ ಚೀಟ್ ಎಂಜಿನ್ ಎಂಬ ಪ್ರೋಗ್ರಾಂನಲ್ಲಿ ತೂಕ ಇರುವ ಜಾಗ (ವಿಳಾಸ) ಹುಡುಕಿ, ಪೈಮೆಮ್‌ನಿಂದ ಓದುತ್ತಿದ್ದೇವೆ.

ಅತಿ ಹೆಚ್ಚು ತಲೆ ತಿಂದದ್ದು 299 ಎಂಬ ಎರರ್. ‘ಮೆಮೊರಿ ಓದಲಾಗಲಿಲ್ಲ’ ಎಂಬ ಸಾಲಿನ ಕೊನೆಯಲ್ಲಿ ಸುಮ್ನೆ ಒಂದು ನಂಬರ್ ಇರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಅದು ವಿಂಡೋಸ್ ಕೊಡುವ ಕೋಡ್. ಕೇಳಿದ್ದರಲ್ಲಿ ಪೂರ್ತಿ ಓದಲು ಆಗಲಿಲ್ಲ ಎಂದು ಅರ್ಥ. ಸಾಮಾನ್ಯವಾಗಿ ನಾವು ಕೊಟ್ಟ ವಿಳಾಸದಲ್ಲಿ ಏನೂ ಇಲ್ಲದಿದ್ದಾಗ ಬರುತ್ತದೆ. ನಮ್ಮಲ್ಲಿ ಕಾರಣ ಹೀಗಿತ್ತು: ತೂಕದ ಪ್ರೋಗ್ರಾಂ 32 ಬಿಟ್, ಪೈಥಾನ್ 64 ಬಿಟ್. ಓದಲು ಅಡ್ಡಿಯಿಲ್ಲ, ಆದರೆ ಆ ಪ್ರೋಗ್ರಾಂನ ಪಾಯಿಂಟರ್ (ಇನ್ನೊಂದು ಜಾಗದ ವಿಳಾಸ ಹೇಳುವ ಅಂಕಿ) 4 ಬೈಟ್ ಮಾತ್ರ. ರೀಡ್ ಲಾಂಗ್‌ಲಾಂಗ್ ಎಂದು 8 ಬೈಟ್ ಓದಿದರೆ ಪಕ್ಕದ 4 ಬೈಟ್ ಕೂಡ ಸೇರಿಕೊಂಡು ಎಲ್ಲಿಯದೋ ವಿಳಾಸ ಆಗುತ್ತದೆ. 4 ಬೈಟ್ ಮಾತ್ರ ಓದುವ ರೀಡ್ ಯುಇಂಟ್ ಹಾಕಿದ ಮೇಲೆ ಸರಿಹೋಯಿತು. ಬರೀ ಇಂಟ್ ಬೇಡ, ದೊಡ್ಡ ವಿಳಾಸಗಳು ಮೈನಸ್ ಆಗಿಬಿಡುತ್ತವೆ. ನೀವು ಓದುವ ಪ್ರೋಗ್ರಾಂ 64 ಬಿಟ್ ಆಗಿದ್ದರೆ ಲಾಂಗ್‌ಲಾಂಗೇ ಸರಿ, ಲಾಂಗ್ ಅಲ್ಲ. ವಿಂಡೋಸ್‌ನಲ್ಲಿ ಲಾಂಗ್ ಎಂದರೆ ಆಗಲೂ 4 ಬೈಟೇ. 64 ಬಿಟ್ ಪ್ರೋಗ್ರಾಂನ ಮಾಡ್ಯೂಲ್ ಪಟ್ಟಿಯನ್ನು (ಅದು ಮೆಮೊರಿಗೆ ಹಾಕಿಕೊಂಡ ಫೈಲುಗಳ ಪಟ್ಟಿ) 32 ಬಿಟ್ ಪೈಥಾನ್‌ನಿಂದ ಕೇಳಿದರೂ ವಿಂಡೋಸ್ ಕೊಡುವುದು ಇದೇ 299. ಅಲ್ಲಿ ಪೈಥಾನ್ ಬದಲಿಸದೆ ದಾರಿಯಿಲ್ಲ.

ಇನ್ನೊಂದು ಕಿರಿಕಿರಿ: ಎರರ್‌ನಲ್ಲಿ ವಿಳಾಸ ದಶಮಾಂಶದಲ್ಲಿ ಬರುತ್ತದೆ, ಚೀಟ್ ಎಂಜಿನ್ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ತೋರಿಸುತ್ತದೆ. ಹೋಲಿಸಬೇಕೆಂದರೆ ಪ್ರತಿ ಸಲ ಬದಲಿಸಿ ನೋಡಬೇಕು.

ಮಳೆಗಾಲದಲ್ಲಿ ನಮ್ಮೂರಿನ ಕರೆಂಟ್ ಗೊತ್ತಲ್ಲ. ಕಂಪ್ಯೂಟರ್ ಮತ್ತೆ ಶುರುವಾದಾಗೆಲ್ಲ ತೂಕದ ವಿಳಾಸ ಬೇರೆ. ಅದಕ್ಕೇ ನೇರ ವಿಳಾಸ ಬರೆದಿಡಬಾರದು. ಮಾಡ್ಯೂಲ್‌ನ ಬೇಸ್ (ಅದು ಶುರುವಾಗುವ ವಿಳಾಸ) ಕೇಳಿ, ಅದಕ್ಕೆ ಆಫ್‌ಸೆಟ್ (ಅಲ್ಲಿಂದ ಎಷ್ಟು ದೂರ ಎಂಬ ಅಂಕಿ) ಕೂಡಿಸಿ, ಅಲ್ಲಿಂದ ಪಾಯಿಂಟರ್ ಹಿಡಿದು ಹೋಗಬೇಕು. ಮಾಡ್ಯೂಲ್ ಸಿಗದಿದ್ದರೆ ಪೈಮೆಮ್ ಎರರ್ ಕೊಡುವುದಿಲ್ಲ, ‘ನನ್’ (None, ಅಂದರೆ ಏನೂ ಇಲ್ಲ) ಕೊಟ್ಟು ಸುಮ್ಮನಾಗುತ್ತದೆ. ಮುಂದಿನ ಸಾಲಿನಲ್ಲಿ ಸ್ಕ್ರಿಪ್ಟ್ ಬೇರೇನೋ ಹೇಳಿ ಬೀಳುತ್ತದೆ, ನಾವು ತಪ್ಪು ಜಾಗದಲ್ಲಿ ಹುಡುಕುತ್ತಾ ಕೂರುತ್ತೇವೆ. ಇದು ನನಗೆ ಹಿಡಿಸಿಲ್ಲ. ಬೆಳಿಗ್ಗೆ ಸ್ಕ್ರಿಪ್ಟ್ ಮೊದಲು ಎದ್ದು, ತೂಕದ ಪ್ರೋಗ್ರಾಂ ಆಮೇಲೆ ಎದ್ದರೆ ‘ಪ್ರಾಸೆಸ್ ಇಲ್ಲ’, ಅಂದರೆ ಆ ಪ್ರೋಗ್ರಾಂ ಓಡುತ್ತಿಲ್ಲ ಎನ್ನುತ್ತದೆ. ಸ್ವಲ್ಪ ಕಾಯ್ದು ಮತ್ತೆ ಕೇಳುವ ಲೂಪ್ ಸಾಕು.

ಪ್ರಾಸೆಸ್ ತೆರೆಯಲಾಗಲಿಲ್ಲ ಎಂದರೆ ಮೊದಲು ಅನುಮತಿ ನೋಡಿ. ಆ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದ್ದರೆ ಸ್ಕ್ರಿಪ್ಟನ್ನೂ ಹಾಗೇ ಓಡಿಸಬೇಕು. ಬರೀ ಓದಲು ಬೇಕಿದ್ದರೂ ಪೈಮೆಮ್ ಎಲ್ಲ ಹಕ್ಕುಗಳನ್ನೂ ಕೇಳುತ್ತದೆ. ಇದು ಜಾಸ್ತಿಯಾಯಿತು. ಬೇಡ ಎನ್ನುವವರು ಪೈಥಾನ್‌ನಲ್ಲೇ ಇರುವ ಸಿಟೈಪ್ಸ್‌ನಿಂದ ರೀಡ್‌ಪ್ರಾಸೆಸ್‌ಮೆಮೊರಿ ಎಂಬ ವಿಂಡೋಸ್ ಫಂಕ್ಷನ್ನನ್ನು ತಾವೇ ಕರೆಯಬಹುದು. ಆದರೆ ಆರ್ಗ್‌ಟೈಪ್ಸ್ (ಕೊಡುವ ಅಂಕಿಗಳು ಯಾವ ಬಗೆಯವು ಎಂದು) ಹೇಳದಿದ್ದರೆ 64 ಬಿಟ್ ವಿಳಾಸವನ್ನು ಅದು ಇಂಟ್ ಎಂದುಕೊಂಡು ಕತ್ತರಿಸಬಹುದು, ಆಗ ಮತ್ತೆ ಅದೇ ಗೋಳು.

ಚೀಲ ಇಳಿಸುವಾಗ ಅಂಕಿ ಕುಣಿಯುತ್ತಿರುತ್ತದೆ. ಸ್ವಲ್ಪ ಬಿಟ್ಟು ಎರಡು ಸಲ ಓದಿ, ಒಂದೇ ಬಂದರೆ ಮಾತ್ರ ಬರೆದುಕೊಳ್ಳುತ್ತೇವೆ. ರೈತರಿಗೆ ಚೀಟಿ ಕೊಡುವಾಗ ಈಗಲೂ ಪರದೆ ನೋಡಿಯೇ ಬರೆಯುವುದು.

ಐದಕ್ಕೆ ನಾಲ್ಕು ಸ್ಟಾರ್. ಲಿನಕ್ಸ್‌ನವರಿಗೆ ಇದು ಬರುವುದಿಲ್ಲ. ಆನ್‌ಲೈನ್ ಗೇಮ್ ಮೇಲೆ ಪ್ರಯೋಗ ಮಾಡಲು ಹೊರಟವರು ಖಾತೆ ಬಂದ್ ಆದರೆ ಪೈಮೆಮ್‌ಗೆ ಬೈಯಬೇಡಿ.