ದೊಡ್ಡವರ ಪಾಕಪುಸ್ತಕ, ಮಕ್ಕಳ ಪಾಕಪುಸ್ತಕ: ಬದಿಯಡ್ಕದ ಅಡುಗೆಮನೆಯಲ್ಲಿ ಒಂದು ಹೋಲಿಕೆ

ಕಳೆದ ಮಳೆಗಾಲದ ರಜಾದಿನಗಳಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಎರಡು ಪಾಕಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಅವೇ ತಿನಿಸುಗಳನ್ನು ಎರಡರಿಂದಲೂ ಮಾಡಿ ನೋಡಿದೆವು. ಒಂದು 500 ಪುಟ ದಾಟಿದ, ದೊಡ್ಡವರಿಗಾಗಿ ಬರೆದ ಸಸ್ಯಾಹಾರದ ಪುಸ್ತಕ. ಇನ್ನೊಂದು ಪುಟಕ್ಕೊಂದು ಚಿತ್ರವಿರುವ, ಮಕ್ಕಳಿಗಾಗಿ ಬರೆದ 40 ಪುಟಗಳ ಪುಸ್ತಕ. ಓದಿ ಅಡುಗೆ ಮಾಡಿದವಳು 4ನೆಯ ತರಗತಿಯ ಮಗಳು. ಪುಸ್ತಕದಲ್ಲಿ ಇಲ್ಲದ ಮಾತನ್ನು ನಾನು ಹೇಳಬಾರದೆಂಬುದು ಕರಾರು.

ಮೊದಲ ದಿನ ನೀರುದೋಸೆ. ಮಕ್ಕಳ ಪುಸ್ತಕ 'ಎರಡು ಲೋಟ ಅಕ್ಕಿ' ಎಂದಷ್ಟೇ ಹೇಳಿದ್ದರಿಂದ, ಅವಳು ನಿತ್ಯ ಊಟಕ್ಕೆ ಬಳಸುವ ಕುಚ್ಚಿಲಕ್ಕಿಯನ್ನೇ ಅಳೆದು ನೆನೆಹಾಕಿದಳು. ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಆ ಅಕ್ಕಿಯ ಹಿಟ್ಟು ಅಂಟಂಟಾಗಿ ಕಾವಲಿಯನ್ನು ಬಿಟ್ಟು ಏಳಲೇ ಇಲ್ಲ. ದೊಡ್ಡವರ ಪುಸ್ತಕದಲ್ಲಿ 'ದೋಸೆ ಅಕ್ಕಿ' ಎಂದಿತ್ತು. ಇಲ್ಲಿನವರು ಬಳಸದ ಹೆಸರಾದರೂ, ದೋಸೆಗೆ ಬೆಳ್ತಿಗೆ (ಭತ್ತವನ್ನು ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಎಂಬುದು ಅವಳಿಗೆ ಗೊತ್ತಿದ್ದುದರಿಂದ ಕೆಲಸ ಸಾಗಿತು. ಆದರೆ ಹಿಟ್ಟಿನ ಹದದ ವಿಷಯದಲ್ಲಿ ಆ ಪುಸ್ತಕ 'ಹದವಾಗಿ ಕಲಸಿ' ಎಂದು ಕೈತೊಳೆದುಕೊಂಡರೆ, ಮಕ್ಕಳದು ಸೌಟಿನಿಂದ ಎತ್ತಿ ಸುರಿದಾಗ ಹಾಲಿನಂತೆ ಹರಿಯಬೇಕೆಂದೂ, ಕಾವಲಿ ಚೆನ್ನಾಗಿ ಕಾದಿದ್ದರೆ ನೀರು ಆವಿಯಾಗಿ ಏಳುವಾಗ ತೂತುಗಳು ಬೀಳುತ್ತವೆಂದೂ ವಿವರಿಸಿತ್ತು. ಕಾರಣ ತಿಳಿದ ಮೇಲೆ ಅವಳು ಬೆಳ್ತಿಗೆಯ ಹಿಟ್ಟಿಗೆ ತಾನಾಗಿಯೇ ಇನ್ನಷ್ಟು ನೀರು ಬೆರೆಸಿದಳು.

ತಂಬುಳಿಯಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ದೊಡ್ಡವರ ಪುಸ್ತಕ ಕೇಳಿದ್ದು 'ಬ್ರಾಹ್ಮಿ ಸೊಪ್ಪು'. ಕನ್ನಡದಲ್ಲಿ ಅನೇಕರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ, ತುಳುವಿನಲ್ಲಿ ಅದು ತಿಮರೆ. ಆದರೆ ಮಲಯಾಳದಲ್ಲಿ ಬ್ರಹ್ಮಿ ಎಂದರೆ ಸಣ್ಣ ದಪ್ಪ ಎಲೆಗಳ, ಕಹಿಯಾದ ಬೇರೆಯೇ ಗಿಡ. ಮಲಯಾಳ ಮಾತನಾಡುವ ನೆರೆಮನೆಯ ಚೇಚಿ ಪ್ರೀತಿಯಿಂದ ಕಿತ್ತುಕೊಟ್ಟದ್ದು ಆ ಗಿಡವನ್ನು. ಮಕ್ಕಳ ಪುಸ್ತಕದಲ್ಲಿ ದುಂಡನೆಯ ಅಂಚಿನ, ತೊಟ್ಟಿನ ಬಳಿ ಸೀಳಿದ ಒಂಟಿ ಎಲೆಯ ಚಿತ್ರವಿತ್ತು. ಅದನ್ನು ಹಿಡಿದುಕೊಂಡು ಅವಳು ತೋಟದ ನೀರಕಣಿಯ ಬದಿಯಲ್ಲಿ ಒಂದೆಲಗವನ್ನು ಗುರುತಿಸಿದಳು. ಕಾಯಿತುರಿ, ಜೀರಿಗೆ, ಕಾಳುಮೆಣಸು ಸೇರಿಸಿ ಹಸಿಯಾಗಿಯೇ ರುಬ್ಬಿ ಮಜ್ಜಿಗೆ ಬೆರೆಸಿದ್ದಷ್ಟೇ, ಒಲೆಯ ಹಂಗಿಲ್ಲ. ಗಡಿನಾಡಿನಲ್ಲಿ ಸೊಪ್ಪಿನ ಹೆಸರಿಗಿಂತ ಚಿತ್ರವನ್ನು ನಂಬುವುದು ಕ್ಷೇಮವೆಂದು ಅಂದಿನಿಂದ ನನ್ನ ಅಭಿಪ್ರಾಯ.

ಮಕ್ಕಳ ಪುಸ್ತಕದ ದೊಡ್ಡ ದೋಷವೆಂದರೆ, ಅದರ ಅರ್ಧದಷ್ಟು ಪುಟಗಳಲ್ಲಿರುವುದು ಹಣ್ಣು ಹೆಚ್ಚುವ, ಬ್ರೆಡ್ಡಿಗೆ ಬೆಣ್ಣೆ ಸವರುವ ಕೆಲಸ. ಅದನ್ನು ಅಡುಗೆಯೆನ್ನಲು ನನಗೆ ಮನಸ್ಸಾಗದು. ಗುಜ್ಜೆಯ (ಎಳೆ ಹಲಸಿನಕಾಯಿಯ) ಪಲ್ಯಕ್ಕಾಗಲೀ ಪತ್ರೊಡೆಗಾಗಲೀ ದೊಡ್ಡ ಪುಸ್ತಕಕ್ಕೇ ಮರಳಬೇಕಾಯಿತು. ಅದರ ಬೆನ್ನಿಗೆ ಅಂಟು ಹಾಕಿರುವುದರಿಂದ ತೆರೆದ ಪುಟ ನಿಲ್ಲಲು ಮೇಲೊಂದು ಗುಂಡುಕಲ್ಲು ಬೇಕು, ಅದು ಬೇರೆ ಮಾತು.

ಕುತೂಹಲಕ್ಕೆಂದು ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ಷಟ್ಪದಿಯಲ್ಲಿ ರಚಿಸಿದ 'ಸೂಪಶಾಸ್ತ್ರ'ವನ್ನೂ ತೆರೆದೆವು. ಓದಲು ಸೊಗಸು, ಆದರೆ ಪದ್ಯವನ್ನು ಬಿಡಿಸುವಷ್ಟರಲ್ಲಿ ಒಲೆ ಆರುತ್ತದೆ.

ಇಲ್ಲಿನ ಮಕ್ಕಳಿಗೆ ಕೊಡುವುದಾದರೆ ನಾನು ತೆಳು ಪುಸ್ತಕವನ್ನೇ ಕೊಳ್ಳುತ್ತೇನೆ. ಆದರೆ ಕೊಡುವ ಮುನ್ನ 'ಅಕ್ಕಿ' ಎಂದಿರುವಲ್ಲೆಲ್ಲ ಬೆಳ್ತಿಗೆಯೋ ಕುಚ್ಚಿಲೋ ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.